ಯಂತ್ರದ ಪಕ್ಕದಲ್ಲೊಂದು ಕಂಪ್ಯೂಟರ್

ಚಂದ್ರಾ ಲೇಔಟಿನಲ್ಲಿ ನಿಮ್ಮ ಮನೆಯಿದ್ದರೆ, ಬೆಳಿಗ್ಗೆ ಎಂಟರ ಹೊತ್ತಿಗೆ ಬೀದಿಯ ತುದಿಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಎರಡು ಬಗೆಯ ದುಡಿಮೆಗಾರರು ಕಾಣುತ್ತಾರೆ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಅತ್ತಿಗುಪ್ಪೆಯ ಮೆಟ್ರೋ ನಿಲ್ದಾಣದ ಕಡೆಗೆ ಹೊರಟವರು ಒಂದು ಬಗೆ. ಇವರಲ್ಲಿ ಅನೇಕರು ಸಾಫ್ಟ್‌ವೇರ್ ಬರೆಯುವವರು. ಸ್ಕೂಟರಿಗೆ ಊಟದ ಡಬ್ಬಿ ಸಿಕ್ಕಿಸಿಕೊಂಡು ಮಾಗಡಿ ರಸ್ತೆಯ ಕಡೆಗೆ, ಅಲ್ಲಿಂದ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಪೀಣ್ಯಕ್ಕೆ ಹೋಗುವವರು ಇನ್ನೊಂದು ಬಗೆ. ಇವರು ಟರ್ನರುಗಳು, ಫಿಟ್ಟರುಗಳು, ಸಣ್ಣ ವರ್ಕ್‌ಶಾಪುಗಳ ಮಾಲೀಕರು. ಮೊದಲನೆಯವರು ಮಾಹಿತಿಯನ್ನು ತಿದ್ದಿ ತೀಡುತ್ತಾರೆ, ಎರಡನೆಯವರು ಕಬ್ಬಿಣವನ್ನು.

ಈ ಎರಡು ಕೆಲಸಗಳೂ ಒಂದೇ ಶೆಡ್ಡಿನೊಳಗೆ ಸೇರಿದರೆ ಏನಾಗುತ್ತದೆ? ಕಾರ್ಖಾನೆಯೊಂದು ಕಂಪ್ಯೂಟರಿಗೆ ಹಣ ಹಾಕಿದರೆ ಅದರ ಉತ್ಪಾದಕತೆ ನಿಜವಾಗಿಯೂ ಹೆಚ್ಚುತ್ತದೆಯೇ? ಹೆಚ್ಚುವುದಾದರೆ ಎಷ್ಟು, ಯಾವಾಗ? ನಮ್ಮ ಚರ್ಚಾ ಕಾರ್ಯಕ್ರಮದಲ್ಲಿ ತಜ್ಞರು ಮಾತನಾಡುವುದು ಈ ವಿಷಯವನ್ನೇ. ಪರದೆಯ ಮೇಲೆ ಅರ್ಧ ಗಂಟೆಯಲ್ಲಿ ಹೇಳಲಾಗದ ಕೆಲವು ಸಂಗತಿಗಳನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಕಾರ್ಯಕ್ರಮಕ್ಕೆ ಬೇಕಾದ ದೃಶ್ಯಗಳಿಗಾಗಿ ನಾವು ಮಾಗಡಿ ರಸ್ತೆಯ ಒಳಗಲ್ಲಿಯೊಂದರ ಸಣ್ಣ ವರ್ಕ್‌ಶಾಪಿಗೆ ಹೋಗಿದ್ದೆವು. ಎರಡು ಹಳೆಯ ಲೇತ್‌ಗಳು, ಬ್ಯಾಂಕ್ ಸಾಲದಲ್ಲಿ ಬಂದ ಒಂದು ಹೊಸ ಸಿ.ಎನ್.ಸಿ. ಲೇತ್, ಗಾಜಿನ ಕೋಣೆಯಲ್ಲಿ ಒಂದು ಕಂಪ್ಯೂಟರ್. ಮಾಲೀಕರು ಚಹಾ ತರಿಸಿ ಹೇಳಿದರು: "ಮೆಷಿನ್ ಬಂದು ಎರಡು ವರ್ಷ ಆಯ್ತು ಸಾರ್. ಒಂದು ಕಂತೂ ತಪ್ಪಿಸಿಲ್ಲ. ಆದ್ರೆ ಲಾಭ ಎಲ್ಲಿ ಹೋಗ್ತಿದೆ ಅಂತ ಗೊತ್ತಾಗ್ತಿಲ್ಲ. ಮಗ ಡಿಪ್ಲೊಮಾ ಎರಡನೇ ವರ್ಷ ಓದ್ತಾ ಇದಾನೆ. ಅವನು ಇಲ್ಲಿಗೆ ಬರಬೇಕೋ, ಬೇರೆ ಕಡೆ ಕೆಲಸ ನೋಡ್ಕೋಬೇಕೋ, ಎಲ್ಲಾ ಈ ಮೆಷಿನ್ ಮೇಲೇ ನಿಂತಿದೆ."

ಅರ್ಥಶಾಸ್ತ್ರಜ್ಞರು ದಶಕಗಳಿಂದ ಕೇಳುತ್ತಿರುವ ಪ್ರಶ್ನೆಯನ್ನೇ ಅವರು ತಮ್ಮ ಮಾತಿನಲ್ಲಿ ಕೇಳಿದ್ದರು.

ಉತ್ಪಾದಕತೆ ಎಂದರೇನು?

ಉತ್ಪಾದನೆ ಬೇರೆ, ಉತ್ಪಾದಕತೆ ಬೇರೆ. ಒಂದು ದಿನದಲ್ಲಿ ಎಷ್ಟು ಬಿಡಿಭಾಗಗಳು ತಯಾರಾದವು ಎಂಬುದು ಉತ್ಪಾದನೆ. ಅಷ್ಟನ್ನು ತಯಾರಿಸಲು ಎಷ್ಟು ಹೊತ್ತು, ಎಷ್ಟು ಜನ, ಎಷ್ಟು ಬಂಡವಾಳ, ಎಷ್ಟು ಕಚ್ಚಾವಸ್ತು ಖರ್ಚಾಯಿತು ಎಂದು ಹೋಲಿಸಿ ನೋಡಿದಾಗ ಸಿಗುವುದು ಉತ್ಪಾದಕತೆ. ಹತ್ತು ಜನ ಸೇರಿ ನೂರು ಬಿಡಿಭಾಗ ಮಾಡುತ್ತಿದ್ದ ಕಡೆ ಇಪ್ಪತ್ತು ಜನ ಸೇರಿ ಇನ್ನೂರು ಮಾಡಿದರೆ ಉತ್ಪಾದನೆ ಇಮ್ಮಡಿಯಾಯಿತು. ಉತ್ಪಾದಕತೆ ಇದ್ದಲ್ಲೇ ಇದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಹೊಸ ಯಂತ್ರ ಬಂದ ಮೇಲೆ ಒಬ್ಬ ಕಾರ್ಮಿಕನ ಗಂಟೆಗೆ ಬರುವ ಉತ್ಪನ್ನ ಹೆಚ್ಚಿತೆಂದರೆ ಕಾರ್ಮಿಕ ಉತ್ಪಾದಕತೆ ಹೆಚ್ಚಿತು ಎನ್ನುತ್ತೇವೆ. ಆದರೆ ಯಂತ್ರಕ್ಕೆ ಹಾಕಿದ ಹಣವನ್ನೂ ಲೆಕ್ಕಕ್ಕೆ ಸೇರಿಸಿದಾಗ ಆ ಹೆಚ್ಚಳ ಕರಗಿಹೋಗಬಹುದು. ಎಲ್ಲ ಒಳಹರಿವುಗಳನ್ನೂ ಸೇರಿಸಿ ನೋಡುವ ಅಳತೆಗೆ ಒಟ್ಟು ಅಂಶ ಉತ್ಪಾದಕತೆ ಎಂದು ಹೆಸರು. ನಮ್ಮ ಮಾಲೀಕರ ತಲೆನೋವು ಇರುವುದು ಈ ಎರಡು ಅಳತೆಗಳ ನಡುವೆ.

ಒಂದು ಸಣ್ಣ ಲೆಕ್ಕ

ಸಿ.ಎನ್.ಸಿ. ಎಂದರೆ ಗಣಕದಿಂದ ನಿಯಂತ್ರಿತವಾದ ಯಂತ್ರ. ಉಳಿಯನ್ನು ಎಷ್ಟು ಮುಂದೆ ತಳ್ಳಬೇಕು, ಎಷ್ಟು ವೇಗದಲ್ಲಿ ಕೊರೆಯಬೇಕು ಎಂಬುದನ್ನು ಕೈಚಕ್ರ ತಿರುಗಿಸಿ ಹೇಳುವ ಬದಲು ಅಂಕಿಗಳಲ್ಲಿ ಬರೆದು ಹೇಳುವುದು ಇದರ ತತ್ವ. ಅಂಕಿಗಳಿಂದ ನಡೆಯುವ ಯಂತ್ರವನ್ನು ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1952ರಲ್ಲಿ ಪ್ರದರ್ಶಿಸಲಾಯಿತು. ಇಂದು ಇಂಥ ಲೇತ್‌ಗಳನ್ನು ನಮ್ಮ ಪೀಣ್ಯದಲ್ಲೇ ತಯಾರಿಸಿ ದೇಶದ ಉದ್ದಗಲಕ್ಕೂ ಮಾರುತ್ತಾರೆ.

ಈಗ ಪೆನ್ಸಿಲು ಹಿಡಿದು ಕುಳಿತುಕೊಳ್ಳಿ. ಇವು ಉದಾಹರಣೆಗೆಂದು ನಾನೇ ಇಟ್ಟುಕೊಂಡ ಅಂಕಿಗಳು.

ಹಳೆಯ ಲೇತ್‌ನಲ್ಲಿ ಒಂದು ಬಿಡಿಭಾಗ ಕೊರೆಯಲು 6 ನಿಮಿಷ. ಹೊಸ ಜಾಬ್ ಆರಂಭಿಸುವ ಮೊದಲು ಉಳಿ ಬದಲಿಸಿ, ಅಳತೆ ಹೊಂದಿಸಿ, ಒಂದೆರಡು ಕೆಡಿಸಿ ನೋಡಲು 120 ನಿಮಿಷ. ಇದಕ್ಕೆ ಸೆಟ್ಟಿಂಗ್ ಎನ್ನುತ್ತಾರೆ. ಬಂದ ಆರ್ಡರು 40 ಬಿಡಿಭಾಗಗಳದ್ದಾದರೆ, 240ಕ್ಕೆ 120 ಕೂಡಿಸಿ ಒಟ್ಟು 360 ನಿಮಿಷ. ಒಂದಕ್ಕೆ 9 ನಿಮಿಷ ಬಿತ್ತು.

ಸಿ.ಎನ್.ಸಿ. ಲೇತ್ ಬಂದು ಕೊರೆಯುವ ಹೊತ್ತು 4 ನಿಮಿಷಕ್ಕೆ ಇಳಿಯಿತು ಎನ್ನೋಣ. ಸೆಟ್ಟಿಂಗ್ ಮಾತ್ರ ಹಳೆಯ ರೀತಿಯಲ್ಲೇ ನಡೆದರೆ 160ಕ್ಕೆ 120 ಸೇರಿ 280 ನಿಮಿಷ, ಒಂದಕ್ಕೆ 7. ಆದರೆ ಹಿಂದೆ ಮಾಡಿದ ಜಾಬಿನ ಪ್ರೋಗ್ರಾಂ, ಉಳಿಗಳ ಅಳತೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಪಾನವಾಗಿಟ್ಟು, ಸೆಟ್ಟಿಂಗನ್ನು 40 ನಿಮಿಷಕ್ಕೆ ಇಳಿಸಿದರೆ 160ಕ್ಕೆ 40 ಸೇರಿ 200 ನಿಮಿಷ, ಒಂದಕ್ಕೆ 5.

ಇನ್ನು ಆರ್ಡರು ಬರೇ 10 ಬಿಡಿಭಾಗಗಳದ್ದಾದರೆ? ಹಳೆಯ ರೀತಿಯಲ್ಲಿ ಒಂದಕ್ಕೆ 18 ನಿಮಿಷ. ಹೊಸ ರೀತಿಯಲ್ಲಿ 8. ದೊಡ್ಡ ಆರ್ಡರಿನಲ್ಲಿ 9ರಿಂದ 5ಕ್ಕೆ ಇಳಿದಾಗ ಸಿಕ್ಕ ಲಾಭ 1.8 ಪಟ್ಟು, ಸಣ್ಣ ಆರ್ಡರಿನಲ್ಲಿ ಅದು 2.25 ಪಟ್ಟು.

ಇದರಿಂದ ಎರಡು ಮಾತು ತಿಳಿಯುತ್ತದೆ. ವೇಗವಾಗಿ ಕೊರೆಯುವುದರಿಂದ ಬಂದ ಲಾಭ ಅರ್ಧ ಮಾತ್ರ. ಉಳಿದರ್ಧ ಬಂದದ್ದು ಮಾಹಿತಿಯನ್ನು ಸರಿಯಾಗಿ ಇಟ್ಟುಕೊಂಡದ್ದರಿಂದ. ಎರಡನೆಯದು, ಸಣ್ಣ ಸಣ್ಣ, ಬಗೆಬಗೆಯ ಆರ್ಡರುಗಳನ್ನು ಹಿಡಿಯುವವನಿಗೇ ಈ ತಂತ್ರಜ್ಞಾನ ಹೆಚ್ಚು ಕೈಹಿಡಿಯುತ್ತದೆ.

ಇದು ಕೇವಲ ಕಾಗದದ ಲೆಕ್ಕವಲ್ಲ. ಅಮೆರಿಕದ ಆನ್ ಬಾರ್ಟೆಲ್, ಕೇಸಿ ಇಚ್ನಿಯೋವ್ಸ್ಕಿ ಮತ್ತು ಕ್ಯಾಥರಿನ್ ಶಾ ಎಂಬ ಅರ್ಥಶಾಸ್ತ್ರಜ್ಞರು ಕವಾಟಗಳನ್ನು, ಎಂದರೆ ವಾಲ್ವ್‌ಗಳನ್ನು, ತಯಾರಿಸುವ ಕಾರ್ಖಾನೆಗಳನ್ನು ಒಂದೊಂದಾಗಿ ಪರಿಶೀಲಿಸಿ 2007ರಲ್ಲಿ ಪ್ರಬಂಧ ಪ್ರಕಟಿಸಿದರು. ಗಣಕ ನಿಯಂತ್ರಿತ ಯಂತ್ರ, ಗಣಕದ ಮೇಲಿನ ವಿನ್ಯಾಸ, ತಪಾಸಣೆಯ ಸಂವೇದಕಗಳಿಗೆ ಹಣ ಹಾಕಿದ ಕಡೆ ಸೆಟ್ಟಿಂಗ್, ಕೊರೆತ, ತಪಾಸಣೆ ಮೂರರ ಹೊತ್ತೂ ಇಳಿದಿತ್ತು. ಆ ಕಾರ್ಖಾನೆಗಳು ಒಂದೇ ಬಗೆಯ ಸರಕನ್ನು ರಾಶಿ ಹಾಕುವುದನ್ನು ಬಿಟ್ಟು, ಗಿರಾಕಿ ಕೇಳಿದಂತೆ ಮಾಡಿಕೊಡುವ ಕಡೆಗೆ ಹೊರಳಿದ್ದವು. ಜೊತೆಗೆ ಕಾರ್ಮಿಕರಿಂದ ಬೇಕಾದ ಕೌಶಲವೂ ಬದಲಾಗಿತ್ತು. ಆ ವಿಷಯಕ್ಕೆ ಮುಂದೆ ಬರೋಣ.

ಜೇಬಿನ ಡೈರಿ

ನಮ್ಮ ವರ್ಕ್‌ಶಾಪಿಗೆ ಹಿಂತಿರುಗೋಣ. ಅಲ್ಲಿಯ ಹಿರಿಯ ಆಪರೇಟರ್ ಐವತ್ತು ದಾಟಿದವರು. ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಯಾವ ಜಾಬಿಗೆ ಯಾವ ಉಳಿ, ಎಷ್ಟು ವೇಗ, ಬೇಸಿಗೆಯಲ್ಲಿ ಎಷ್ಟು ಮೈಕ್ರಾನ್ ಹೆಚ್ಚುಕಡಿಮೆ ಮಾಡಬೇಕು ಎಂಬುದೆಲ್ಲ ಅವರ ಅಂಗಿಯ ಜೇಬಿನ ಸಣ್ಣ ಡೈರಿಯಲ್ಲಿತ್ತು. "ಉಳಿ ಮೊಂಡಾದ್ರೆ ಸದ್ದು ಬದಲಾಗತ್ತೆ ಸಾರ್. ಈ ಮೆಷಿನ್‌ಗೆ ಕೈ ಇದೆ, ಕಿವಿ ಇಲ್ಲ" ಎಂದರು ಅವರು. ಅವರು ಊರಹಬ್ಬಕ್ಕೆ ಹೋದ ವಾರ ಹೊಸ ಯಂತ್ರ ಎರಡು ದಿನ ಸುಮ್ಮನೆ ನಿಂತಿತ್ತಂತೆ.

ಗಾಜಿನ ಕೋಣೆಯ ಕಂಪ್ಯೂಟರ್ ಏನು ಮಾಡುತ್ತಿತ್ತು? ಬಿಲ್ಲು ಬರೆಯುತ್ತಿತ್ತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಕಂಪ್ಯೂಟರ್ ಕೊಂಡ ಸಣ್ಣ ಉದ್ದಿಮೆದಾರರಲ್ಲಿ ಇವರೂ ಒಬ್ಬರು. ಲಕ್ಷಾಂತರ ಅಂಗಡಿ, ಕಾರ್ಖಾನೆಗಳ ಲೆಕ್ಕ ಬರೆಯುವ ಟ್ಯಾಲಿ ಎಂಬ ತಂತ್ರಾಂಶ ಹುಟ್ಟಿದ್ದು ಬೆಂಗಳೂರಿನಲ್ಲೇ, 1986ರಲ್ಲಿ. ಕಾರ್ಖಾನೆಗಳಿಗೆ ಕಚ್ಚಾವಸ್ತು ಮತ್ತು ಯಂತ್ರದ ಬಿಡಿಭಾಗ ಒದಗಿಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಪತ್ರಕ್ಕೆ ಹೊಂದುವ ತಂತ್ರಾಂಶ ಸಿಗಲಿಲ್ಲ. ಮಗ ಭರತ್ ಅದನ್ನು ಬರೆದುಕೊಟ್ಟರು. ಸರಿಯಾದ ಲೆಕ್ಕ ಬಹಳ ಮುಖ್ಯ, ನಿಜ. ಆದರೆ ಬಿಲ್ಲು ಬೇಗ ಮುದ್ರಣವಾದ ಮಾತ್ರಕ್ಕೆ ಲೇತ್ ಬೇಗ ತಿರುಗುವುದಿಲ್ಲ. ಆ ಶೆಡ್ಡಿನಲ್ಲಿ ಉತ್ಪಾದನೆಯ ಮಾಹಿತಿಯೆಲ್ಲ ಡೈರಿಯಲ್ಲಿತ್ತು. ಕಂಪ್ಯೂಟರ್ ಇನ್ನೊಂದು ಕೋಣೆಯಲ್ಲಿತ್ತು. ಎರಡಕ್ಕೂ ಪರಿಚಯವೇ ಆಗಿರಲಿಲ್ಲ.

ಮಾಹಿತಿ ತಂತ್ರಜ್ಞಾನ ಎಂಬ ಮಾತಿನಲ್ಲಿ ಮೊದಲು ಬರುವ ಪದ ಮಾಹಿತಿ ಎಂಬುದನ್ನು ಮರೆಯಬಾರದು. ಮೈಸೂರು ರಸ್ತೆಯಲ್ಲೇ ಮುಂದೆ ಹೋದರೆ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿದೆ. 1997ರಲ್ಲಿ ಸ್ಥಾಪನೆಯಾದ ಆ ಕಂಪನಿ 1999ರ ಕೊನೆಯಲ್ಲಿ ವಾಹನ ತಯಾರಿಕೆ ಆರಂಭಿಸಿತು. ಟೊಯೋಟಾ ಪದ್ಧತಿಯ ಹೆಸರಾಂತ ಉಪಕರಣ ಕಾನ್‌ಬಾನ್. ಜಪಾನಿನಲ್ಲಿ ಬೆಳೆದ ಈ ಉಪಾಯ ಮೂಲದಲ್ಲಿ ಒಂದು ಕಾಗದದ ಚೀಟಿ, ಅಷ್ಟೆ. ಬಿಡಿಭಾಗಗಳ ಡಬ್ಬಿ ಖಾಲಿಯಾದಾಗ ಅದರ ಚೀಟಿ ಹಿಂದಿನ ವಿಭಾಗಕ್ಕೆ ಹೋಗುತ್ತದೆ. ಚೀಟಿ ಬಂದಷ್ಟನ್ನೇ ಅವರು ತಯಾರಿಸುತ್ತಾರೆ. ಬೇಡದ್ದು ರಾಶಿ ಬೀಳುವುದಿಲ್ಲ, ಬೇಕಾದ್ದಕ್ಕೆ ಕಾಯುವುದೂ ಇಲ್ಲ. ಕಂಪ್ಯೂಟರಿಲ್ಲದೆಯೇ ಸರಿಯಾದ ಮಾಹಿತಿ ಸರಿಯಾದ ಹೊತ್ತಿಗೆ ಸರಿಯಾದ ಕೈಗೆ ತಲುಪಿತು. ಇಂಥ ಶಿಸ್ತು ಇರುವ ಕಡೆ ಕಂಪ್ಯೂಟರ್ ಬಂದರೆ ಆ ಮಾಹಿತಿ ಇನ್ನಷ್ಟು ಬೇಗ ಓಡಾಡುತ್ತದೆ. ಶಿಸ್ತಿಲ್ಲದ ಕಡೆ ಬಂದರೆ ಗೊಂದಲವೇ ಬೇಗ ಓಡಾಡುತ್ತದೆ.

ಶಿವನಸಮುದ್ರ ಕಲಿಸುವ ಪಾಠ

1987ರಲ್ಲಿ, ತಮಗೆ ನೊಬೆಲ್ ಪ್ರಶಸ್ತಿ ಬಂದ ವರ್ಷವೇ, ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ ಒಂದು ಚುರುಕಿನ ಮಾತು ಬರೆದರು. ಗಣಕಯುಗ ಎಲ್ಲೆಲ್ಲೂ ಕಣ್ಣಿಗೆ ಬೀಳುತ್ತಿದೆ, ಉತ್ಪಾದಕತೆಯ ಅಂಕಿಅಂಶಗಳಲ್ಲಿ ಮಾತ್ರ ಕಾಣುತ್ತಿಲ್ಲ ಎಂಬುದು ಅದರ ಸಾರ. ಇದನ್ನು ಸೋಲೋ ಒಗಟು ಎಂದೇ ಕರೆಯುತ್ತಾರೆ. ಕಂಪನಿಗಳು ಕಂಪ್ಯೂಟರಿಗೆ ಹಣ ಸುರಿಯುತ್ತಿದ್ದವು; ಫಲ ಎಲ್ಲಿ ಎಂದು ಕೇಳಿದರೆ ಉತ್ತರವಿರಲಿಲ್ಲ.

ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಅವರು ಕಂಪ್ಯೂಟರನ್ನು ವಿದ್ಯುತ್ತಿನೊಂದಿಗೆ ಹೋಲಿಸಿದರು. ವಿದ್ಯುತ್ತಿನ ಕಥೆ ನಮಗೂ ಗೊತ್ತಿದೆ. ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಮೆರಿಕದಲ್ಲಿ ಎಡಿಸನ್ನನ ವಿದ್ಯುತ್ ಕೇಂದ್ರ ಅದಕ್ಕೂ ಮೊದಲೇ, 1882ರಲ್ಲಿ, ನ್ಯೂಯಾರ್ಕಿನಲ್ಲಿ ಆರಂಭವಾಗಿತ್ತು. ಆದರೂ ಅಲ್ಲಿನ ಕಾರ್ಖಾನೆಗಳ ಉತ್ಪಾದಕತೆ ಜಿಗಿದದ್ದು 1920ರ ದಶಕದಲ್ಲಿ. ನಡುವಿನ ನಲವತ್ತು ವರ್ಷ ಏನಾಯಿತು?

ಉಗಿಯಂತ್ರದ ಕಾಲದಲ್ಲಿ ಕಾರ್ಖಾನೆಗೆ ಒಂದೇ ಎಂಜಿನ್. ಅದರಿಂದ ಚಾವಣಿಯ ಉದ್ದಕ್ಕೂ ಒಂದು ಕಬ್ಬಿಣದ ದಂಡ. ಆ ದಂಡದಿಂದ ಪ್ರತಿ ಯಂತ್ರಕ್ಕೂ ಒಂದೊಂದು ಬೆಲ್ಟು. ವಿದ್ಯುತ್ತು ಬಂದಾಗ ಮಾಲೀಕರು ಉಗಿಯಂತ್ರ ಕಿತ್ತು ಆ ಜಾಗದಲ್ಲಿ ದೊಡ್ಡ ಮೋಟಾರು ಕೂರಿಸಿದರು. ದಂಡ, ಬೆಲ್ಟು, ಕಟ್ಟಡ ಎಲ್ಲವೂ ಹಾಗೇ ಉಳಿದವು. ಹೀಗಾಗಿ ಲಾಭವೂ ಅಷ್ಟಕ್ಕಷ್ಟೆ. ಪ್ರತಿ ಯಂತ್ರಕ್ಕೂ ಅದರದ್ದೇ ಮೋಟಾರು ಕೊಟ್ಟು, ಕೆಲಸದ ಕ್ರಮಕ್ಕೆ ತಕ್ಕಂತೆ ಯಂತ್ರಗಳನ್ನು ಜೋಡಿಸಿ, ಹೊಸ ಬಗೆಯ ಕಟ್ಟಡ ಕಟ್ಟಿದ ಮೇಲೆಯೇ ಫಲ ಸಿಕ್ಕಿತು. ಅಷ್ಟು ಹೊತ್ತಿಗೆ ಒಂದು ತಲೆಮಾರು ಕಳೆದಿತ್ತು.

ಕಂಪ್ಯೂಟರಿಗೂ ಹೀಗೇ ಆಯಿತು. ಅಮೆರಿಕದ ಅಂಕಿಅಂಶಗಳಲ್ಲಿ ಉತ್ಪಾದಕತೆಯ ಬೆಳವಣಿಗೆ ವೇಗ ಪಡೆದದ್ದು 1995ರ ನಂತರ; ಆ ವೇಗ ಸುಮಾರು ಹತ್ತು ವರ್ಷ ಉಳಿದು ಮತ್ತೆ ತಗ್ಗಿತು. ಎರಿಕ್ ಬ್ರಿಂಜಾಲ್ಫ್‌ಸನ್ ಮುಂತಾದವರು ಕಂಪನಿ ಕಂಪನಿಯನ್ನೂ ಹೋಲಿಸಿ ಕಂಡುಕೊಂಡ ಮಾತೂ ಇದೇ: ಪೆಟ್ಟಿಗೆಗೆ ಕೊಟ್ಟ ಹಣ ಕಣ್ಣಿಗೆ ಕಾಣುತ್ತದೆ. ತರಬೇತಿಗೆ, ಕೆಲಸದ ಕ್ರಮ ಬದಲಿಸಲಿಕ್ಕೆ, ಹೊಸ ಅಭ್ಯಾಸ ಕೂರಲಿಕ್ಕೆ ಬೇಕಾದ ಹಣ ಮತ್ತು ಹೊತ್ತು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು, ಆದರೆ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ. ಆದ್ದರಿಂದ ಮೊದಲ ವರ್ಷಗಳಲ್ಲಿ ಉತ್ಪಾದಕತೆ ಇಳಿದಂತೆ ತೋರಿ, ಆಮೇಲೆ ಏರಬಹುದು.

ಹಾಗಾದರೆ ಸುಮ್ಮನೆ ಕಾದರೆ ಸಾಕೇ? ಸಾಲದು. ಮುಂಬೈ ಬಳಿಯ 17 ಬಟ್ಟೆ ಕಂಪನಿಗಳಲ್ಲಿ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿ 2013ರಲ್ಲಿ ಪ್ರಕಟಿಸಿದರು. ಕೆಲವು ಕಾರ್ಖಾನೆಗಳಿಗೆ ನಿರ್ವಹಣೆಯ ಸಲಹೆ ಕೊಡಿಸಿದರು. ಯಂತ್ರ ಏಕೆ ನಿಂತಿತು ಎಂದು ಬರೆದಿಡುವುದು, ದೋಷಗಳನ್ನು ಎಣಿಸುವುದು, ಗೋದಾಮಿನ ನೂಲನ್ನು ಗುರುತು ಹಚ್ಚಿ ಜೋಡಿಸುವುದು, ಇಂಥ ಸರಳ ಕೆಲಸಗಳೇ. ಮೊದಲ ವರ್ಷದಲ್ಲೇ ಅಲ್ಲಿ ಉತ್ಪಾದಕತೆ ಶೇಕಡಾ 17ರಷ್ಟು ಹೆಚ್ಚಿತು. ಬರೆದಿಟ್ಟ ಅಂಕಿಗಳನ್ನು ನೋಡಬೇಕಾಗಿ ಬಂದಾಗ ಕಂಪ್ಯೂಟರಿನ ಬಳಕೆಯೂ ಹೆಚ್ಚಿತು. ಕ್ರಮವನ್ನು ಗಮನಿಸಿ: ಮೊದಲು ಬರೆದಿಡುವ ಅಭ್ಯಾಸ, ಅದರ ಹಿಂದೆ ಕಂಪ್ಯೂಟರ್.

ಸಾಲ ಮತ್ತು ಕೆಲಸ

ಈ ಮಾತುಗಳನ್ನು ಸಣ್ಣ ವರ್ಕ್‌ಶಾಪಿನ ಮಾಲೀಕರಿಗೆ ಹೇಳುವಾಗ ಒಂದು ವ್ಯತ್ಯಾಸ ಮರೆಯಬಾರದು. ದೊಡ್ಡ ಕಂಪನಿ ಐದು ವರ್ಷ ಕಾಯಬಲ್ಲದು. ಬ್ಯಾಂಕಿನ ಕಂತು ಕಾಯುವುದಿಲ್ಲ. ತಿಂಗಳ ಕಂತು 50,000 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 10,000 ಬಿಡಿಭಾಗ ಮಾಡಿದರೆ ಒಂದಕ್ಕೆ ಬೀಳುವ ಹೊರೆ 5 ರೂಪಾಯಿ. ಆರ್ಡರಿಲ್ಲದೆಯೋ, ಸೆಟ್ಟಿಂಗ್ ತಿಳಿದವರಿಲ್ಲದೆಯೋ 2,500 ಮಾತ್ರ ಮಾಡಿದರೆ ಅದೇ ಹೊರೆ 20 ರೂಪಾಯಿ. ಯಂತ್ರ ಅದೇ, ವೇಗ ಅದೇ. ಲಾಭ ಹೋಗಿ ನಷ್ಟವಾಯಿತು. ನಿಂತ ಯಂತ್ರಕ್ಕೂ ಬಡ್ಡಿ ಓಡುತ್ತಲೇ ಇರುತ್ತದೆ.

ಇನ್ನೊಂದು ಪ್ರಶ್ನೆ ನೌಕರಿಯದು. ಯಂತ್ರವೇ ಕೊರೆದರೆ ಟರ್ನರ್ ಏನು ಮಾಡಬೇಕು? ಕೈಚಕ್ರ ತಿರುಗಿಸುವ ಕೆಲಸ ಕಡಿಮೆಯಾಗಿದೆ, ಇದನ್ನು ಮುಚ್ಚಿಡಬೇಕಾಗಿಲ್ಲ. ಒಂದು ಯಂತ್ರಕ್ಕೆ ಒಬ್ಬರಿದ್ದ ಕಡೆ ಎರಡು ಮೂರು ಯಂತ್ರಕ್ಕೆ ಒಬ್ಬರು ಸಾಕಾಗಬಹುದು. ಆದರೆ ಮೇಲೆ ಹೇಳಿದ ಕವಾಟ ಕಾರ್ಖಾನೆಗಳಲ್ಲಿ ಕಂಡದ್ದು, ಹೊಸ ಯಂತ್ರ ಬಂದ ಕಡೆ ಹೆಚ್ಚು ಕೌಶಲದ ಆಪರೇಟರುಗಳೇ ಬೇಕಾದರು ಎಂಬುದು. ಪ್ರೋಗ್ರಾಂ ಓದಬಲ್ಲವರು, ತಪ್ಪು ಎಲ್ಲಿದೆ ಎಂದು ಹುಡುಕಬಲ್ಲವರು ಬೇಕು. ಅಣ್ಣನ ಕಿವಿಯ ಅನುಭವವೂ ಬೇಕು, ಡಿಪ್ಲೊಮಾ ಹುಡುಗನ ಪ್ರೋಗ್ರಾಮೂ ಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಆ ಶೆಡ್ಡಿನ ಯಂತ್ರ ಊರಹಬ್ಬದ ವಾರದಂತೆ ನಿಲ್ಲುತ್ತದೆ.

ಕಲಿಯುವ ಜಾಗಗಳಿಗೆ ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಕೊರತೆಯಿಲ್ಲ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಎಲ್ಲರ ಬಾಯಲ್ಲಿ ಜಿ.ಟಿ.ಟಿ.ಸಿ., ರಾಜಾಜಿನಗರದಲ್ಲಿದೆ. ತುಮಕೂರು ರಸ್ತೆಯಲ್ಲಿ 1962ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಿದೆ.

ನೀವೇ ಮಾಡಿ ನೋಡಿ

ನಾವು ಚಿತ್ರೀಕರಣ ಮುಗಿಸಿ ಬಂದ ಕೆಲವು ವಾರಗಳ ಮೇಲೆ ಮಾಲೀಕರು ಫೋನ್ ಮಾಡಿದ್ದರು. ಮಗ ರಜೆಯಲ್ಲಿ ಶೆಡ್ಡಿಗೆ ಬಂದು ಕುಳಿತಿದ್ದನಂತೆ. ಮೊದಲ ವಾರ ಕಂಪ್ಯೂಟರ್ ಮುಟ್ಟಲೇ ಇಲ್ಲ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದು, ಯಂತ್ರ ಯಾವಾಗ ನಿಂತಿತು, ಎಷ್ಟು ನಿಮಿಷ, ಏಕೆ ಎಂದು ಬರೆದ. ಹೆಚ್ಚಿನ ಹೊತ್ತು ಹೋಗುತ್ತಿದ್ದದ್ದು ಸೆಟ್ಟಿಂಗಿಗೆ ಮತ್ತು ಕಚ್ಚಾವಸ್ತುವಿಗೆ ಕಾಯುವುದಕ್ಕೆ. ಎರಡನೆಯ ವಾರ ಅಣ್ಣನ ಪಕ್ಕ ಕುಳಿತು ಡೈರಿಯನ್ನು ಪುಟಪುಟವಾಗಿ ಕಂಪ್ಯೂಟರಿಗೆ ಇಳಿಸಿದ. ಅಣ್ಣ ಮೊದಲು ಡೈರಿ ಕೊಡಲು ಒಪ್ಪಲಿಲ್ಲ. ಡೈರಿ ಕೊಟ್ಟರೆ ತಾನು ಬೇಡವಾಗುತ್ತೇನೆ ಎಂಬ ಭಯ. ಮಾಲೀಕರು ಅವರನ್ನು ಸೂಪರ್‌ವೈಸರ್ ಮಾಡಿ, ಸಂಬಳ ಹೆಚ್ಚಿಸಿದ ಮೇಲೆ ಡೈರಿ ಜೇಬಿನಿಂದ ಹೊರಬಂತು. "ಸಾಲ ಇನ್ನೂ ಇದೆ ಸಾರ್. ಆದ್ರೆ ಹಣ ಎಲ್ಲಿ ಸೋರ್ತಿದೆ ಅಂತ ಈಗ ಕಾಣ್ತಿದೆ" ಎಂದರು.

ನಿಮ್ಮ ಮನೆಯ ಹತ್ತಿರವೂ ಒಂದು ವರ್ಕ್‌ಶಾಪು, ಒಂದು ಗಾರ್ಮೆಂಟ್ ಘಟಕ, ಒಂದು ಮುದ್ರಣಾಲಯ ಇದ್ದೇ ಇರುತ್ತದೆ. ಮಾಲೀಕರ ಒಪ್ಪಿಗೆ ಪಡೆದು, ಯಂತ್ರದಿಂದ ದೂರ ಕುಳಿತು, ಎರಡು ಗಂಟೆ ಗಮನಿಸಿ. ಯಂತ್ರ ನಿಜವಾಗಿ ಕೆಲಸ ಮಾಡಿದ ನಿಮಿಷ ಎಷ್ಟು, ನಿಂತ ನಿಮಿಷ ಎಷ್ಟು, ನಿಲ್ಲಲು ಕಾರಣವೇನು ಎಂದು ಬರೆದುಕೊಳ್ಳಿ. ಆಮೇಲೆ ಒಂದೊಂದು ಕಾರಣದ ಮುಂದೆಯೂ ಕೇಳಿಕೊಳ್ಳಿ: ಇದನ್ನು ಕಂಪ್ಯೂಟರ್ ಸರಿಪಡಿಸಬಲ್ಲದೇ, ಒಂದು ಚೀಟಿ ಸಾಕೇ, ಅಥವಾ ಇಬ್ಬರು ಕುಳಿತು ಮಾತನಾಡಿದರೆ ಮುಗಿಯುತ್ತದೆಯೇ? ನಿಮ್ಮ ಪಟ್ಟಿಯನ್ನು ಆ ಮಾಲೀಕರಿಗೇ ಕೊಟ್ಟು ಬನ್ನಿ. ಅವರಿಗೆ ಅದು ಉಪಯೋಗಕ್ಕೆ ಬರಬಹುದು.